‘ಹೋಗಿಲ್ಲ’, ‘ಹೋಗಲಿಲ್ಲ’ ಗೊತ್ತಿದ್ದರೆ ‘ಗಾನ್’, ‘ವೆಂಟ್’ ಕಷ್ಟವಲ್ಲ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವಳು. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿದ್ದೇನೆ. ಶಿವಮೊಗ್ಗದಲ್ಲಿ ಕೆಲಸಕ್ಕೆ ಇಂಟರ್‌ವ್ಯೂ ಕೊಡುತ್ತಿದ್ದೇನೆ. ‘ಗೋ, ವೆಂಟ್, ಗಾನ್’ ಪಟ್ಟಿ ಪೂರ್ತಿ ಬಾಯಿಪಾಠ. ಆದರೂ ಬಾಯಿ ಬಿಟ್ಟರೆ ‘ಐ ಹ್ಯಾವ್ ವೆಂಟ್’, ‘ಡಿಡ್ ಯು ವೆಂಟ್’ ಅಂತಲೇ ಬರುತ್ತದೆ. ಯಾವುದನ್ನು ಎಲ್ಲಿ ಹಾಕಬೇಕು? ಎಲ್ಲದಕ್ಕೂ ‘ಇ-ಡಿ’ ಹಚ್ಚಿ ಮುಗಿಸುವುದು ಬಿಟ್ಟು ಇಂಗ್ಲಿಷ್‌ನವರು ಇಷ್ಟು ಗೋಜಲು ಯಾಕೆ ಮಾಡಿಕೊಂಡರು? ಇನ್ನೊಂದು, ‘ಲರ್ನ್ಡ್’ ಸರಿಯೋ ‘ಲರ್ನ್ಟ್’ ಸರಿಯೋ?

ಉತ್ತರ: ಪಟ್ಟಿ ಬಾಯಿಗೆ ಬರುತ್ತದೆ ಅಂದಮೇಲೆ ಅರ್ಧ ಕೆಲಸ ಆಗಿದೆ. ಶಾಲೆಯಲ್ಲಿ ವಿ-ವನ್, ವಿ-ಟೂ, ವಿ-ತ್ರೀ ಅಂತ ಮೂರು ಕಾಲಂ ಹೇಳಿಸುತ್ತಾರೆ. ಯಾವ ಕಾಲಂಗೆ ಎಲ್ಲಿ ಕೆಲಸ ಅಂತ ಹೇಳುವಷ್ಟರಲ್ಲಿ ಪೀರಿಯಡ್ ಮುಗಿದಿರುತ್ತದೆ. ಉಳಿದ ಆ ಅರ್ಧವನ್ನು ಇಲ್ಲಿ ನೋಡೋಣ.

‘ಕನ್ನಡ ಮರೆತುಬಿಡಿ, ಇಂಗ್ಲಿಷ್‌ನಲ್ಲೇ ಯೋಚಿಸಿ’ ಎಂಬ ಸಲಹೆ ನಿಮಗೂ ಯಾರಾದರೂ ಕೊಟ್ಟಿರಬಹುದು. ಈ ವಿಷಯದ ಮಟ್ಟಿಗೆ ನಾನು ಅದನ್ನು ಒಪ್ಪುವುದಿಲ್ಲ. ವೆಂಟ್‌ಗೂ ಗಾನ್‌ಗೂ ಇರುವ ವ್ಯತ್ಯಾಸ ನಿಮ್ಮ ಕನ್ನಡಕ್ಕೆ ಮೊದಲೇ ಗೊತ್ತಿದೆ. ಕನ್ನಡ ದಾರಿ ತಪ್ಪಿಸುವ ಜಾಗಗಳು ಮೂರೋ ನಾಲ್ಕೋ ಇವೆ. ಅವನ್ನು ಗುರುತು ಹಾಕಿಕೊಂಡರೆ ಸಾಕು.

ಮಳೆಗಾಲದಲ್ಲಿ ರಿಪ್ಪನ್‌ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೀರಿ ಅಂದುಕೊಳ್ಳಿ. ಮನೆಯಿಂದ ಫೋನ್ ಬಂದರೆ ‘ಬಸ್ ಇನ್ನೂ ಹೋಗಿಲ್ಲ’ ಅನ್ನುತ್ತೀರಿ. ಮಾರನೇ ದಿನ ಗೆಳತಿಗೆ ಕತೆ ಹೇಳುವಾಗ ‘ನಿನ್ನೆ ಬಸ್ಸೇ ಹೋಗಲಿಲ್ಲ ಮಾರಾಯ್ತಿ’ ಅನ್ನುತ್ತೀರಿ. ಇವೆರಡನ್ನು ಅದಲುಬದಲು ಮಾಡುವುದು ಕನಸಿನಲ್ಲೂ ಆಗುವುದಿಲ್ಲ, ಅಲ್ವಾ? ಇಂಗ್ಲಿಷ್‌ನಲ್ಲೂ ಅಷ್ಟೇ. ‘ಹೋಗಿಲ್ಲ’ ಎಂಬಲ್ಲಿ ‘ದ ಬಸ್ ಹ್ಯಾಸಂಟ್ ಗಾನ್’. ‘ಹೋಗಲಿಲ್ಲ’ ಎಂಬಲ್ಲಿ ‘ದ ಬಸ್ ಡಿಡಂಟ್ ಗೋ’. ‘ಹೋಗಿಲ್ಲ’ದೊಳಗೆ ಇರುವುದು ‘ಹೋಗಿ’ ಮತ್ತು ‘ಇಲ್ಲ’. ಆ ‘ಹೋಗಿ’ ಮಾಡುವ ಕೆಲಸವನ್ನೇ ಅಲ್ಲಿ ‘ಗಾನ್’ ಮಾಡುತ್ತದೆ. ‘ನಾನು ಹೋಗಿ’ ಅಂತ ಹೇಳಿ ನಿಲ್ಲಿಸಿದರೆ ಕೇಳುವವರು ‘ಹೋಗಿ? ಆಮೇಲೆ?’ ಅಂತ ಮುಖ ನೋಡುತ್ತಾರೆ. ‘ಐ ಗಾನ್’ ಅಂದರೂ ಇಂಗ್ಲಿಷ್ ಬಲ್ಲವರಿಗೆ ಹಾಗೇ ಕೇಳಿಸುತ್ತದೆ. ಮೂರನೇ ರೂಪ ಮೆಣಸಿನ ಬಳ್ಳಿ ಇದ್ದಂತೆ, ಹಬ್ಬಲು ಪಕ್ಕದಲ್ಲಿ ಮರ ಬೇಕು. ಆ ಮರ ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಇರಬಹುದು, ಇಲ್ಲವೇ ‘ಈಸ್’, ‘ವಾಸ್’, ‘ವರ್’ ಇರಬಹುದು. ಎರಡನೇ ರೂಪಕ್ಕೆ ಯಾರೂ ಬೇಡ. ‘ಐ ವೆಂಟ್’ ಅಂದರೆ ‘ಹೋದೆ’. ಅಲ್ಲಿಗೆ ಮಾತು ಪೂರ್ತಿ.

ಹಾಗಾಗಿ ‘ಹ್ಯಾವ್ ವೆಂಟ್’ ಅನ್ನುವುದು ‘ಹೋದೆ ಇದ್ದೇನೆ’ ಅಂದ ಹಾಗೆ. ಹೀಗೆ ಕನ್ನಡದಲ್ಲಿ ಒಮ್ಮೆ ಕೇಳಿಸಿಕೊಂಡರೆ ತಪ್ಪು ತಾನಾಗಿಯೇ ಕಿವಿಗೆ ಚುಚ್ಚುತ್ತದೆ.

ಈಗ ‘ಡಿಡ್’. ‘ಡಿಡ್’ ಬಂದರೆ ಭೂತಕಾಲದ ಹೊಣೆ ಪೂರ್ತಿ ಅದರದ್ದೇ. ಜೊತೆಗಿರುವ ಕ್ರಿಯಾಪದ ಮೊದಲನೇ ರೂಪಕ್ಕೆ ವಾಪಸ್ ಹೋಗುತ್ತದೆ. ಇಲ್ಲ ಎನ್ನುವಾಗ ಕನ್ನಡವೂ ಹೀಗೇ ನಡೆದುಕೊಳ್ಳುತ್ತದೆ. ಬಂದೆ, ಆದರೆ ಬರಲಿಲ್ಲ. ತಿಂದೆ, ಆದರೆ ತಿನ್ನಲಿಲ್ಲ. ಕೊಟ್ಟೆ, ಆದರೆ ಕೊಡಲಿಲ್ಲ. ‘ಕೊಟ್ಟಲಿಲ್ಲ’ ಅಂತ ಯಾರೂ ಹೇಳುವುದಿಲ್ಲ. ‘ಡಿಡಂಟ್ ಗೇವ್’ ಅಂದರೆ ‘ಕೊಟ್ಟಲಿಲ್ಲ’ ಅಂದಂತೆ. ಆದರೆ ಪ್ರಶ್ನೆ ಕೇಳುವಾಗ ಕನ್ನಡ ಕೈ ಕೊಡುತ್ತದೆ. ನಾವು ‘ಹೋದೆಯಾ?’, ‘ಕೊಟ್ಟೆಯಾ?’ ಅನ್ನುತ್ತೇವೆ. ಭೂತಕಾಲದ ರೂಪ ಅಲ್ಲೇ ಉಳಿದು ತುದಿಗೆ ‘ಆ’ ಸೇರುತ್ತದೆ. ಅದೇ ಅಭ್ಯಾಸ ‘ಡಿಡ್ ಯು ವೆಂಟ್?’ ಅನ್ನಿಸುತ್ತದೆ. ನಿಮ್ಮ ಕಡೆಯಿಂದ ಬಂದ ಎರಡು ತಪ್ಪುಗಳಲ್ಲಿ ಒಂದರ ಬೇರು ಇದೇ. ಪ್ರಶ್ನೆಯಲ್ಲಿ ‘ಡಿಡ್’ ಬಾಯಿಗೆ ಬಂದ ಕೂಡಲೇ ಒಂದು ಕ್ಷಣ ನಿಲ್ಲಿ, ‘ಗೋ’ ಅನ್ನಿ.

ಎರಡನೇ ಜಾಗ ಸ್ವಲ್ಪ ಸೂಕ್ಷ್ಮ. ‘ಅವನು ಕೊಂಬೆ ಮುರಿದ’ ಮತ್ತು ‘ಮುರಿದ ಕೊಂಬೆ’, ಎರಡೂ ಕಡೆ ಕನ್ನಡದಲ್ಲಿ ಒಂದೇ ‘ಮುರಿದ’. ‘ಅವನು ಬಿದ್ದ’, ‘ಬಿದ್ದ ಮರ’ ಕೂಡ ಹಾಗೇ. ಇಂಗ್ಲಿಷ್ ಇಲ್ಲಿ ಎರಡು ಪದ ಬಳಸುತ್ತದೆ. ‘ಹಿ ಬ್ರೋಕ್ ದ ಬ್ರಾಂಚ್’, ಆದರೆ ‘ಎ ಬ್ರೋಕನ್ ಬ್ರಾಂಚ್’. ‘ದ ಟ್ರೀ ಫೆಲ್’, ಆದರೆ ‘ಎ ಫಾಲನ್ ಟ್ರೀ’. ವಸ್ತುವಿನ ಹೆಸರಿನ ಮುಂದೆ ಬಂದು ಅದು ಎಂಥದ್ದು ಅಂತ ಹೇಳಬೇಕಾದರೆ ಯಾವಾಗಲೂ ಮೂರನೇ ರೂಪ. ಕೊಳೆರೋಗದ ವರ್ಷ ತೋಟದ ತುಂಬ ಅಡಿಕೆಗಳು ಬಿದ್ದಿರುತ್ತವಲ್ಲ, ಅವು ‘ಫಾಲನ್ ನಟ್ಸ್’. ಕೊಳೆತವು ‘ರಾಟನ್ ನಟ್ಸ್’. ತಮಾಷೆ ನೋಡಿ, ‘ಕೊಳೆತವು’ ಅಂತ ಕ್ರಿಯೆಯಾಗಿ ಹೇಳುವಾಗ ‘ದ ನಟ್ಸ್ ರಾಟೆಡ್’, ‘ದ ನಟ್ಸ್ ಹ್ಯಾವ್ ರಾಟೆಡ್’. ‘ರಾಟ್’ ಈಗ ಇ-ಡಿ ಹಚ್ಚಿಕೊಳ್ಳುವ ಸಾಧು ಕ್ರಿಯಾಪದ. ‘ರಾಟನ್’ ಮಾತ್ರ ವಿಶೇಷಣವಾಗಿ ಹಾಗೇ ಉಳಿದುಕೊಂಡಿದೆ.

ಮೂರನೇ ಜಾಗಕ್ಕೆ ಬರೋಣ. ನನ್ನ ಪ್ರಕಾರ ನಮ್ಮ ಕಡೆಯವರ ಇಂಗ್ಲಿಷ್‌ನಲ್ಲಿ ಅತಿ ಜಾಸ್ತಿ ಕಾಣುವ ತಪ್ಪು ಇದು. ಆದರೂ ಯಾರೂ ತಿದ್ದುವುದಿಲ್ಲ, ಯಾಕೆಂದರೆ ಕೇಳುವವರೂ ಹಾಗೇ ಮಾತಾಡುತ್ತಾರೆ. ‘ನಿನ್ನೆ ಸಾಗರಕ್ಕೆ ಹೋಗಿದ್ದೆ’ ಅನ್ನುವುದು ಒಳ್ಳೆಯ ಕನ್ನಡ. ಹೋಗಿ ಬಂದಾಯಿತು ಎಂಬ ಅರ್ಥ ಅದರಲ್ಲಿದೆ. ಅದನ್ನು ಪದಕ್ಕೆ ಪದ ಇಟ್ಟು ‘ಐ ಹ್ಯಾಡ್ ಗಾನ್ ಟು ಸಾಗರ ಯೆಸ್ಟರ್‌ಡೇ’ ಅಂದುಬಿಡುತ್ತೇವೆ. ‘ಗಾನ್’ ಪಕ್ಕದಲ್ಲಿ ‘ಹ್ಯಾಡ್’ ಇದೆ, ಬಳ್ಳಿಗೆ ಮರ ಸಿಕ್ಕಿದೆ, ಆದರೂ ವಾಕ್ಯ ಸರಿಯಿಲ್ಲ. ಸುಮ್ನೆ ‘ಐ ವೆಂಟ್ ಟು ಸಾಗರ ಯೆಸ್ಟರ್‌ಡೇ’ ಸಾಕು. ‘ಹ್ಯಾಡ್’ ಬೇಕಾಗುವುದು ಆಗಿಹೋದ ಎರಡು ಘಟನೆಗಳಲ್ಲಿ ಒಂದು ಇನ್ನೊಂದಕ್ಕಿಂತ ಮೊದಲೇ ಮುಗಿದಿತ್ತು ಅನ್ನುವಾಗ. ನೀವು ಸ್ಟ್ಯಾಂಡಿಗೆ ಓಡಿ ಬಂದಿರಿ, ಅಷ್ಟರಲ್ಲಿ ಬಸ್ ಹೊರಟುಹೋಗಿತ್ತು. ‘ವೆನ್ ಐ ರೀಚ್ಡ್ ದ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್’. ಇಲ್ಲಿ ‘ಅಷ್ಟರಲ್ಲಿ’ ಎಂಬ ಪದವೇ ಗುರುತು. ಕನ್ನಡ ವಾಕ್ಯದಲ್ಲಿ ‘ಅಷ್ಟರಲ್ಲಾಗಲೇ’ ಸೇರಿಸಿದರೆ ಅರ್ಥ ಕೆಡುವುದಿಲ್ಲ ಅಂದರೆ ‘ಹ್ಯಾಡ್’ ಹಾಕಿ. ಇಲ್ಲದಿದ್ದರೆ ಎರಡನೇ ರೂಪ.

‘ಹ್ಯಾವ್’ಗೂ ಇಂಥದ್ದೇ ಒಂದು ತಕರಾರು ಇದೆ. ಯಾವಾಗ ಅಂತ ಹೇಳಿದ ಕೂಡಲೇ ‘ಹ್ಯಾವ್’ ಜಾಗ ಖಾಲಿ ಮಾಡಬೇಕು. ‘ಹ್ಯಾವ್ ಯು ಸೀನ್ ಜೋಗ್ ಫಾಲ್ಸ್?’ ಅಂತ ಯಾರೋ ಕೇಳುತ್ತಾರೆ. ‘ಯೆಸ್, ಐ ಹ್ಯಾವ್ ಸೀನ್ ಇಟ್’ ಅನ್ನುತ್ತೀರಿ. ಇಲ್ಲಿಯವರೆಗೆ ಮೂರನೇ ರೂಪ. ‘ಯಾವಾಗ?’ ಅಂದರೆ ‘ಐ ಸಾ ಇಟ್ ಲಾಸ್ಟ್ ಆಗಸ್ಟ್’. ಈಗ ಎರಡನೇ ರೂಪ. ಕನ್ನಡದಲ್ಲಿ ‘ಹೋದ ಆಗಸ್ಟ್‌ನಲ್ಲಿ ನೋಡಿದ್ದೇನೆ’ ಅಂದರೆ ನಡೆಯುತ್ತದೆ. ‘ಐ ಹ್ಯಾವ್ ಸೀನ್ ಇಟ್ ಲಾಸ್ಟ್ ಆಗಸ್ಟ್’ ನಡೆಯುವುದಿಲ್ಲ. ನಿಮ್ಮ ಇಂಟರ್‌ವ್ಯೂನಲ್ಲಿ ಇದು ಖಂಡಿತ ಎದುರಾಗುತ್ತದೆ, ಯಾಕೆಂದರೆ ಎಲ್ಲರೂ ಮೊದಲು ಓದಿನ ಬಗ್ಗೆಯೇ ಕೇಳುತ್ತಾರೆ. ‘ಐ ಹ್ಯಾವ್ ಡನ್ ಮೈ ಬಿ.ಕಾಂ. ಇನ್ 2024’ ಅನ್ನಬೇಡಿ. ‘ಐ ಡಿಡ್ ಮೈ ಬಿ.ಕಾಂ. ಇನ್ 2024’ ಅನ್ನಿ. ಇಸವಿ ಹೇಳುವುದಿಲ್ಲ ಅಂತಾದರೆ ‘ಐ ಹ್ಯಾವ್ ಡನ್ ಮೈ ಬಿ.ಕಾಂ.’ ಕೂಡ ಸರಿಯೇ.

‘ಗಾನ್’ ಮತ್ತು ‘ಬೀನ್’ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ‘ಮ್ಯಾನೇಜರ್ ಹ್ಯಾಸ್ ಗಾನ್ ಟು ಭದ್ರಾವತಿ’ ಅಂದರೆ ಅವರು ಇನ್ನೂ ವಾಪಸ್ ಬಂದಿಲ್ಲ. ‘ಐ ಹ್ಯಾವ್ ಬೀನ್ ಟು ಭದ್ರಾವತಿ’ ಅಂದರೆ ಹೋಗಿ ಬಂದಿದ್ದೇನೆ, ಊರು ಗೊತ್ತು. ಕನ್ನಡದಲ್ಲಿ ಎರಡಕ್ಕೂ ‘ಹೋಗಿದ್ದಾರೆ’, ‘ಹೋಗಿದ್ದೇನೆ’ ಸಾಕಾಗುತ್ತದೆ. ಎದುರಿಗೆ ಕೂತುಕೊಂಡು ‘ಐ ಹ್ಯಾವ್ ಗಾನ್ ಟು ಭದ್ರಾವತಿ’ ಅಂದರೆ, ಭದ್ರಾವತಿಗೆ ಹೋದವರು ಇಲ್ಲಿ ಹೇಗೆ ಕೂತಿದ್ದೀರಿ ಅಂತ ಕೇಳಬೇಕಾಗುತ್ತದೆ!

ನಾಲ್ಕನೆಯದು ‘ಹುಟ್ಟಿದೆ’. ಕನ್ನಡದಲ್ಲಿ ನಾವೇ ಹುಟ್ಟುತ್ತೇವೆ. ಇಂಗ್ಲಿಷ್‌ನಲ್ಲಿ ತಾಯಿ ಹೆರುತ್ತಾಳೆ, ಮಗು ‘ಹೆರಲ್ಪಡುತ್ತದೆ’. ‘ಬಾರ್ನ್’ ಎಂಬುದು ‘ಬೇರ್, ಬೋರ್’ ಪಟ್ಟಿಯ ಮೂರನೇ ರೂಪ. ಒಂಟಿಯಾಗಿ ನಿಲ್ಲುವುದಿಲ್ಲ, ‘ವಾಸ್’ ಬೇಕೇ ಬೇಕು. ‘ಕುವೆಂಪು ವಾಸ್ ಬಾರ್ನ್ ಇನ್ 1904 ಅಂಡ್ ಗ್ರೂ ಅಪ್ ಇನ್ ಕುಪ್ಪಳಿ’ ಎಂಬ ವಾಕ್ಯ ಬಾಯಿಗೆ ರೂಢಿ ಮಾಡಿಕೊಳ್ಳಿ. ಒಂದೇ ಉಸಿರಿನಲ್ಲಿ ಮೂರನೇ ರೂಪವೂ ಇದೆ, ಎರಡನೇ ರೂಪವೂ ಇದೆ. ಆಮೇಲೆ ಕುವೆಂಪು ಹೆಸರು ತೆಗೆದು ನಿಮ್ಮದನ್ನು ಹಾಕಿಕೊಳ್ಳಿ.

ಇದಕ್ಕೆ ಉಲ್ಟಾ ತಪ್ಪೂ ಇದೆ. ಬೇಡದ ಕಡೆ ‘ವಾಸ್’ ತುರುಕುವುದು. ‘ದ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’, ‘ದ ಟ್ರೀ ವಾಸ್ ಫೆಲ್’ ಅಂತ ಕೇಳಿಸುತ್ತಿರುತ್ತದೆ. ಬೀಳುವುದು, ಆಗುವುದು, ಬರುವುದು, ಸಾಯುವುದು ತಾನಾಗಿಯೇ ಆಗುವ ಕ್ರಿಯೆಗಳು. ಇವನ್ನು ಇನ್ನೊಬ್ಬರು ಮಾಡುವುದಿಲ್ಲ. ಹಾಗಾಗಿ ‘ದ ಟ್ರೀ ಫೆಲ್’ ಅಷ್ಟೇ. ಮರವನ್ನು ಕಡಿದು ಉರುಳಿಸಿದರೆ ಮಾತ್ರ ಕತೆ ಬೇರೆ. ಅದಕ್ಕೆ ‘ಫೆಲ್’ ಎಂಬ ಬೇರೆಯದೇ ಕ್ರಿಯಾಪದ ಇದೆ, ‘ಫೆಲ್, ಫೆಲ್ಡ್, ಫೆಲ್ಡ್’. ಗಾಳಿಗೆ ಬಿದ್ದ ಮರ ‘ಫೆಲ್’, ಕೊಡಲಿಗೆ ಬಿದ್ದ ಮರ ‘ವಾಸ್ ಫೆಲ್ಡ್’. ನಮ್ಮ ಕಡೆ ಇವೆರಡರ ವ್ಯತ್ಯಾಸಕ್ಕೆ ಅರಣ್ಯ ಇಲಾಖೆಯ ಕೇಸೇ ಬೀಳಬಹುದು, ಸ್ವಲ್ಪ ನೋಡಿಕೊಂಡು ಬರೆಯಿರಿ.

ಇಂಥ ಅವಳಿಗಳು ಇನ್ನೂ ಒಂದೆರಡು ಇವೆ. ತೀರ್ಥಹಳ್ಳಿ ರಸ್ತೆಯಲ್ಲಿ ಹೋದರೆ ಮೊದಲು ಸಕ್ರೆಬೈಲು, ಆಮೇಲೆ ಮಂಡಗದ್ದೆ ಸಿಗುತ್ತದೆ. ಸಕ್ರೆಬೈಲಿನಲ್ಲಿ ಸ್ನಾನಕ್ಕೆ ಇಳಿದ ಆನೆ ನೀರಿನಲ್ಲಿ ಮಗ್ಗುಲಾಗಿ ಮಲಗುತ್ತದೆ. ಅದು ‘ಲೈ, ಲೇ, ಲೇನ್’. ‘ದ ಎಲಿಫೆಂಟ್ ಲೇ ಇನ್ ದ ವಾಟರ್’. ಮಂಡಗದ್ದೆಯಲ್ಲಿ ಹಕ್ಕಿಗಳು ಮೊಟ್ಟೆ ಇಡುತ್ತವೆ. ಅದು ‘ಲೇ, ಲೇಡ್, ಲೇಡ್’. ‘ದ ಬರ್ಡ್ಸ್ ಲೇಡ್ ಎಗ್ಸ್’. ಇಂಗ್ಲಿಷ್ ಮನೆಮಾತಿನವರೂ ಈ ಎರಡರಲ್ಲಿ ಎಡವುತ್ತಾರೆ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ‘ಫೈಂಡ್’ನ ಭೂತಕಾಲ ‘ಫೌಂಡ್’, ಸಂಸ್ಥೆ ಸ್ಥಾಪಿಸುವ ‘ಫೌಂಡ್’ ಬೇರೆ. ‘ಕುವೆಂಪು ಯೂನಿವರ್ಸಿಟಿ ವಾಸ್ ಫೌಂಡೆಡ್ ಇನ್ 1987’. ಬಟ್ಟೆ ನೇತುಹಾಕಿದರೆ ‘ಹಂಗ್’, ಗಲ್ಲಿಗೆ ಹಾಕಿದರೆ ‘ಹ್ಯಾಂಗ್ಡ್’.

ಇನ್ನು ಪಟ್ಟಿ. ಇಂಗ್ಲಿಷ್‌ನಲ್ಲಿ ಇ-ಡಿ ಹಚ್ಚಿಕೊಳ್ಳದ ಕ್ರಿಯಾಪದಗಳು ಸುಮಾರು 200 ಇವೆ. ಗೈಡ್‌ಗಳಲ್ಲಿ ಅವನ್ನು ಎ-ಬಿ-ಸಿ ಕ್ರಮದಲ್ಲಿ ಕೊಟ್ಟಿರುತ್ತಾರೆ. ಅದು ಹುಡುಕಲು ಚೆನ್ನ, ಕಲಿಯಲು ಅಲ್ಲ. ನನ್ನ ಸಲಹೆ ಕೇಳಿದರೆ, ಮೂರೂ ರೂಪಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ನಾಚಿಕೆ ಬೇಡ. ‘ರೀಡ್’ ಪದವನ್ನು ಇಂಗ್ಲಿಷ್‌ನಲ್ಲಿ ಮೂರು ಕಾಲಂನಲ್ಲೂ ಒಂದೇ ಥರ ಬರೆಯುತ್ತಾರೆ. ಕನ್ನಡದಲ್ಲಿ ಬರೆದರೆ ‘ರೀಡ್, ರೆಡ್, ರೆಡ್’ ಅಂತ ಗುಟ್ಟು ಬಯಲಾಗುತ್ತದೆ. ಹೀಗೆ ಬರೆದಾಗ ಗುಂಪುಗಳೂ ಕಣ್ಣಿಗೆ ಕಾಣುತ್ತವೆ.

ಕಟ್, ಪುಟ್, ಶಟ್, ಹಿಟ್, ಹರ್ಟ್, ಕಾಸ್ಟ್, ಸೆಟ್, ಸ್ಪ್ರೆಡ್ ಇವು ಬದಲಾಗುವುದೇ ಇಲ್ಲ. ಎಲ್ಲದರ ಕೊನೆಯಲ್ಲೂ ಟ್ ಅಥವಾ ಡ್ ಇದೆ ನೋಡಿ. ಬಾಟ್, ಬ್ರಾಟ್, ಕಾಟ್, ಟಾಟ್, ಥಾಟ್, ಸೋಲ್ಡ್, ಟೋಲ್ಡ್, ಕೆಪ್ಟ್, ಲೆಫ್ಟ್, ಸೆಂಟ್, ಬಿಲ್ಟ್, ಮೇಡ್, ಪೇಡ್ ಇವುಗಳಲ್ಲಿ ಎರಡನೆಯದೂ ಮೂರನೆಯದೂ ಒಂದೇ. ಇಲ್ಲಿ ನೀವು ಬೇಕೆಂದರೂ ಕಾಲಂ ತಪ್ಪಲು ಆಗುವುದಿಲ್ಲ. ಬಾಟ್ ಮತ್ತು ಬ್ರಾಟ್ ಮಾತ್ರ ಅದಲುಬದಲಾಗುತ್ತವೆ. ‘ಬ್ರಿಂಗ್’ನಲ್ಲಿ ‘ಬ್ರ’ ಇದೆ, ‘ಬ್ರಾಟ್’ನಲ್ಲೂ ಇದೆ. ‘ಬೈ’ನಲ್ಲಿ ಇಲ್ಲ, ‘ಬಾಟ್’ನಲ್ಲೂ ಇಲ್ಲ. ತಂದದ್ದು ಬ್ರಾಟ್, ಕೊಂಡದ್ದು ಬಾಟ್.

ಡ್ರಿಂಕ್, ಡ್ರ್ಯಾಂಕ್, ಡ್ರಂಕ್. ಸಿಂಗ್, ಸ್ಯಾಂಗ್, ಸಂಗ್. ಸ್ವಿಮ್, ಸ್ವ್ಯಾಮ್, ಸ್ವಮ್. ಬಿಗಿನ್, ಬಿಗ್ಯಾನ್, ಬಿಗನ್. ಈ ಗುಂಪಿನಲ್ಲಿ ಇ, ಆ್ಯ, ಅ ಅಂತ ಸ್ವರ ಮಾತ್ರ ಬದಲಾಗುತ್ತದೆ. ‘ಅ’ ಬಂದರೆ ಮೂರನೇ ರೂಪ. ಕಮ್, ಕೇಮ್, ಕಮ್ ಮತ್ತು ರನ್, ರ್‍ಯಾನ್, ರನ್ ಜೋಡಿಯಲ್ಲಿ ಮೂರನೆಯದು ಮತ್ತೆ ಮೊದಲನೆಯದೇ. ‘ಶಿಮೊಗ್ಗ ಬಿಕೇಮ್ ಶಿವಮೊಗ್ಗ ಇನ್ 2014’. ಆದರೆ ‘ಶಿವಮೊಗ್ಗ ಹ್ಯಾಸ್ ಬಿಕಮ್ ಎ ಬಿಗ್ ಸಿಟಿ’.

ಉಳಿದದ್ದು ನಿಜವಾಗಿ ಕಾಡುವ ಗುಂಪು. ಬ್ರೋಕ್, ಬ್ರೋಕನ್. ಸ್ಪೋಕ್, ಸ್ಪೋಕನ್. ರೋಟ್, ರಿಟನ್. ಟುಕ್, ಟೇಕನ್. ಗೇವ್, ಗಿವನ್. ಏಟ್, ಈಟನ್. ನ್ಯೂ, ನೋನ್. ಫ್ಲೂ, ಫ್ಲೋನ್. ಸಾ, ಸೀನ್. ಡಿಡ್, ಡನ್. ಇದಕ್ಕೊಂದು ನಂಬಬಹುದಾದ ಗುರುತಿದೆ. ಮೂಲ ಪದದ ಕೊನೆಯಲ್ಲಿ ಇಲ್ಲದ ‘ನ್’ ಹೊಸದಾಗಿ ಬಂದಿದೆ ಅಂದರೆ ಅದು ಮೂರನೇ ರೂಪವೇ. ರ್‍ಯಾನ್, ಬಿಗ್ಯಾನ್ ಮತ್ತು ಗೆಲುವಿನ ‘ವನ್’ ನೋಡಿ ಗಾಬರಿಯಾಗಬೇಡಿ. ರನ್, ಬಿಗಿನ್, ವಿನ್ ಇವುಗಳಲ್ಲಿ ‘ನ್’ ಮೊದಲೇ ಇತ್ತು. ‘ಐ ಸೀನ್’ ಅಂತ ನಾಲಿಗೆ ತುದಿಗೆ ಬಂದಾಗ ಈ ‘ನ್’ ಎಚ್ಚರಿಸಬೇಕು. ಹೊಸ ‘ನ್’ ಬಂತು, ಎಲ್ಲಿ ‘ಹ್ಯಾವ್’? ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 2023ರಲ್ಲಿ. ಅಲ್ಲಿಂದ ಹಾರಿದ್ದೀರಾ ಅಂತ ಕೇಳಬೇಕಾದರೆ ‘ಹ್ಯಾವ್ ಯು ಫ್ಲೋನ್ ಫ್ರಮ್ ಶಿವಮೊಗ್ಗ?’. ಉತ್ತರ ‘ಐ ಫ್ಲೂ ಟು ಬೆಂಗಳೂರು ಲಾಸ್ಟ್ ಮಂತ್’.

ಇಷ್ಟು ಗೋಜಲು ಯಾಕೆ ಅಂತ ಕೇಳಿದ್ದೀರಿ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷ್‌ನಲ್ಲಿ ಎರಡು ಬಗೆಯ ಕ್ರಿಯಾಪದಗಳು ಇದ್ದವು. ಒಳಗಿನ ಸ್ವರ ಬದಲಿಸಿಕೊಂಡು ಭೂತಕಾಲ ಆಗುವವು ಒಂದು ಬಗೆ. ಕೊನೆಗೆ ಡ್ ಅಥವಾ ಟ್ ಹಚ್ಚಿಕೊಳ್ಳುವವು ಇನ್ನೊಂದು. ಕಾಲ ಕಳೆದಂತೆ ಎರಡನೇ ಬಗೆ ಗೆದ್ದಿತು. ‘ಹೆಲ್ಪ್’ಗೆ ಹಿಂದೆ ‘ಹೋಲ್ಪ್’ ಅಂತ ಭೂತಕಾಲ ಇತ್ತು, ಈಗ ‘ಹೆಲ್ಪ್ಡ್’. ಆದರೆ ದಿನಾ ಬಾಯಲ್ಲಿ ಓಡಾಡುವ ಪದಗಳು ಬದಲಾಗಲು ಒಪ್ಪಲಿಲ್ಲ. ಬಿ, ಹ್ಯಾವ್, ಡು, ಸೇ, ಗೋ, ಮೇಕ್, ಟೇಕ್, ಕಮ್, ಸೀ, ಗೆಟ್ ಇವು ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರಿಯಾಪದಗಳು. ಒಂದೂ ಇ-ಡಿ ಹಚ್ಚಿಕೊಳ್ಳುವುದಿಲ್ಲ. ‘ವೆಂಟ್’ ಅಂತೂ ‘ಗೋ’ದ ಸ್ವಂತದ್ದೇ ಅಲ್ಲ. ಅದು ‘ವೆಂಡ್’ ಎಂಬ ಬೇರೊಂದು ಕ್ರಿಯಾಪದದ ಭೂತಕಾಲ. ‘ಗೋ’ ಅದನ್ನು ಎತ್ತಿಕೊಂಡು ತನ್ನದು ಮಾಡಿಕೊಂಡಿತು.

ನಗುವ ಮೊದಲು ನಮ್ಮದನ್ನೂ ನೋಡಿಕೊಳ್ಳಬೇಕು. ‘ಮಾಡು, ಮಾಡಿದ’ ಎಂಬ ಲೆಕ್ಕ ಹಿಡಿದರೆ ‘ಬರು’ಗೆ ‘ಬರಿದ’, ‘ಕೊಡು’ಗೆ ‘ಕೊಡಿದ’ ಆಗಬೇಕಿತ್ತು. ನಾವು ಬಂದ, ಕೊಟ್ಟ, ನಕ್ಕ, ಬಿದ್ದ, ಸತ್ತ, ನಿಂತ, ಗೆದ್ದ, ಸೋತ ಅನ್ನುತ್ತೇವೆ. ಇಲ್ಲೂ ದಿನಬಳಕೆಯ ಹಳೆಯ ಪದಗಳೇ ಹಟಮಾರಿಗಳು. ಹೊಸದಾಗಿ ಬಂದವು ಸಾಧು. ಇಂಗ್ಲಿಷ್‌ನವರು ‘ಗೂಗಲ್ಡ್’, ‘ಟೆಕ್ಸ್ಟೆಡ್’ ಅಂದ ಹಾಗೆ ನಾವು ‘ಮೆಸೇಜ್ ಮಾಡಿದೆ’ ಅಂತ ಮುಗಿಸುತ್ತೇವೆ. ಕನ್ನಡ ಕಲಿಯಲು ಬಂದ ಹೊರಗಿನವರನ್ನು ಒಮ್ಮೆ ಕೇಳಿ ನೋಡಿ, ನಮ್ಮ ಪಟ್ಟಿಯ ಬಗ್ಗೆ ಅವರು ಏನು ಹೇಳುತ್ತಾರೆ ಅಂತ.

ಅಭ್ಯಾಸಕ್ಕೆ ಪಟ್ಟಿಯನ್ನು ಮತ್ತೆ ಹೇಳಬೇಡಿ. ಮನೆಯಲ್ಲಿ ನಡೆದದ್ದನ್ನೇ ತೆಗೆದುಕೊಂಡು ಒಂದೇ ಕ್ರಿಯಾಪದದ ಮೇಲೆ ಬೇರೆ ಬೇರೆ ವಾಕ್ಯ ಹೇಳಿ. ಮಂಡಿಗೆ ಅಡಿಕೆ ಹಾಕಿದ ವಾರ ಅಂದುಕೊಳ್ಳಿ. ‘ವಿ ಸೋಲ್ಡ್ ದ ಅರೆಕನಟ್ ಆನ್ ಮಂಡೇ’. ‘ವಿ ಡಿಡಂಟ್ ಸೆಲ್ ದ ಪೆಪ್ಪರ್’. ‘ಡಿಡ್ ಯು ಸೆಲ್ ಯುವರ್ಸ್?’ ‘ವಿ ಹ್ಯಾವಂಟ್ ಸೋಲ್ಡ್ ಇಟ್ ಯೆಟ್’. ಮಾರಿದೆವು, ಮಾರಲಿಲ್ಲ, ಮಾರಿದಿರಾ, ಮಾರಿಲ್ಲ. ನಾಲ್ಕೂ ಜಾಗ ಒಟ್ಟಿಗೆ ಬಂತು. ಮಾರನೇ ದಿನ ‘ಗಿವ್’ ತೆಗೆದುಕೊಳ್ಳಿ, ಅದರ ಮರುದಿನ ‘ಟೇಕ್’. ಮನಸ್ಸಿನಲ್ಲೇ ಹೇಳಿಕೊಂಡರೆ ಪ್ರಯೋಜನ ಕಮ್ಮಿ. ಬಾಯಿ ಬಿಟ್ಟು, ಜೋರಾಗಿ ಹೇಳಿ. ಇಂಟರ್‌ವ್ಯೂನಲ್ಲಿ ಕೆಲಸ ಮಾಡಬೇಕಾದದ್ದು ನಾಲಿಗೆ ತಾನೆ?

‘ಲರ್ನ್ಡ್’, ‘ಲರ್ನ್ಟ್’ ಎರಡೂ ಸರಿ. ‘ಬರ್ನ್ಡ್’, ‘ಬರ್ನ್ಟ್’ ಮತ್ತು ‘ಡ್ರೀಮ್ಡ್’, ‘ಡ್ರೆಮ್ಟ್’ ಕೂಡ ಹಾಗೇ. ಟ್ ಕೊನೆಗೊಳ್ಳುವವು ಬ್ರಿಟಿಷರಲ್ಲಿ ಜಾಸ್ತಿ ಕಾಣುತ್ತವೆ, ಅಮೆರಿಕದವರು ಇ-ಡಿಗೆ ಒಲಿದವರು. ಒಂದೇ ಅರ್ಜಿಯಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ. ‘ಗೆಟ್’ನ ಮೂರನೇ ರೂಪಕ್ಕೆ ಅಮೆರಿಕದಲ್ಲಿ ‘ಗಾಟನ್’ ಅನ್ನುತ್ತಾರೆ. ನಮ್ಮ ಕಚೇರಿಗಳಲ್ಲಿ ಬ್ರಿಟಿಷ್ ರೂಢಿಯ ‘ಗಾಟ್’ ನಡೆಯುತ್ತದೆ. ‘ಫರ್ಗೆಟ್’ಗೆ ಮಾತ್ರ ಎರಡೂ ಕಡೆ ‘ಫರ್ಗಾಟನ್’.